ಮನೆಯ ಸುದ್ದಿಕೋಣೆಯಲ್ಲಿ ಕೂತ ಮಕ್ಕಳು

2021ರ ಮೇ 5ರ ರಾತ್ರಿ ಒಂದೂವರೆ ಗಂಟೆಗೆ ನಮ್ಮ ಹಾಸನದ ಮನೆಯ ನಡುಮನೆಯಲ್ಲಿ ದೀಪ ಉರಿಯುತ್ತಿತ್ತು. ನೀರು ಕುಡಿಯಲು ಎದ್ದುಬಂದ ನನಗೆ ಗೋಡೆಗೆ ಒರಗಿಕೊಂಡು ನೆಲದ ಮೇಲೆ ಕೂತಿದ್ದ ಮಗಳು ಕಂಡಳು. ಪಕ್ಕದಲ್ಲಿ ಚಾರ್ಜರಿಗೆ ಸಿಕ್ಕಿಸಿದ ಮೊಬೈಲು, ತೊಡೆಯ ಮೇಲೆ ಇನ್ನೂರು ಪುಟದ ಉದ್ದ ನೋಟ್‌ಬುಕ್ಕು. ಎಂಜಿನಿಯರಿಂಗ್ ನಾಲ್ಕನೆಯ ಸೆಮಿಸ್ಟರಿನ ಗಣಿತಕ್ಕೆಂದು ಕೊಂಡಿದ್ದ ಪುಸ್ತಕ ಅದು. ಅದರಲ್ಲಿ ಸ್ಕೇಲು ಹಿಡಿದು ಐದು ಕಲಂ ಗೆರೆ ಎಳೆದಿದ್ದಳು: ಫೋನ್ ನಂಬರು, ಊರು, ಏನು ಸಿಗುತ್ತದೆ, ಕರೆ ಮಾಡಿದ ಹೊತ್ತು, ಅವರು ಏನೆಂದರು. ಕೊನೆಯ ಕಲಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಬಹುಪಾಲು ಎರಡೇ ಮಾತುಗಳಿದ್ದವು. ಒಂದು ‘ಸ್ವಿಚ್ಡ್ ಆಫ್’, ಇನ್ನೊಂದು ‘ಖಾಲಿ’.

ಅಂದು ಸಂಜೆಯ ಆರೋಗ್ಯ ಇಲಾಖೆಯ ವರದಿಯ ಪ್ರಕಾರ ರಾಜ್ಯದಲ್ಲಿ ಒಂದೇ ದಿನಕ್ಕೆ 50,112 ಹೊಸ ಕೋವಿಡ್ ಪ್ರಕರಣಗಳು ದಾಖಲಾಗಿದ್ದವು; ಅದರಲ್ಲಿ 23 ಸಾವಿರಕ್ಕೂ ಹೆಚ್ಚು ಬೆಂಗಳೂರು ನಗರದವು. ಮಗಳ ಜೊತೆ ಓದುವ ಹುಡುಗಿಯ ತಾಯಿ ಬೆಂಗಳೂರಿನಲ್ಲಿ ಮನೆಯಲ್ಲೇ ಮಲಗಿದ್ದರು, ರಕ್ತದ ಆಮ್ಲಜನಕದ ಮಟ್ಟ 86ಕ್ಕೆ ಇಳಿದಿತ್ತು. ಆಗ ಆಸ್ಪತ್ರೆಯಲ್ಲಿ ಹಾಸಿಗೆ ಬೇಕೆಂದರೆ 1912 ಸಹಾಯವಾಣಿಗೆ ಕರೆ ಮಾಡಬೇಕು, ಕರೆ ಮಾಡಿದರೆ ಬೆಂಗಳೂರಿನ ಸೋಂಕಿತರಿಗೆ ಕೊಡುತ್ತಿದ್ದ ಬಿಯು ನಂಬರು ಕೇಳುತ್ತಾರೆ, ಬಿಯು ನಂಬರು ಬರಬೇಕಾದರೆ ಪರೀಕ್ಷೆಯ ಫಲಿತಾಂಶ ಬರಬೇಕು, ಫಲಿತಾಂಶಕ್ಕೆ ಪರೀಕ್ಷೆಗೆ ಕೊಟ್ಟ ಮಾದರಿಯ ಗುರುತಾದ ಎಸ್‌ಆರ್‌ಎಫ್ ಐಡಿ ಹಿಡಿದು ಮತ್ತೆಲ್ಲೋ ಹುಡುಕಬೇಕು. ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ಮುಂದಿನ ದಾರಿ ಇನ್‌ಸ್ಟಾಗ್ರಾಮ್, ಟ್ವಿಟರ್, ವಾಟ್ಸ್ಆ್ಯಪ್. ಹಾಗಾಗಿ ಹಾಸನದಲ್ಲಿ ಕೂತ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ತಾನು ಒಮ್ಮೆಯೂ ನೋಡದ ಪೀಣ್ಯದ, ಬೊಮ್ಮಸಂದ್ರದ ಆಮ್ಲಜನಕ ವ್ಯಾಪಾರಿಗಳಿಗೆ ನಡುರಾತ್ರಿಯಲ್ಲಿ ಫೋನು ಮಾಡುತ್ತಿದ್ದಳು.

ನಾನು ಎಲ್ಲ ತಂದೆಯರೂ ಹೇಳುವ ಮಾತನ್ನೇ ಹೇಳಿದೆ. ‘ಆ ಫೋನು ಪಕ್ಕಕ್ಕಿಟ್ಟು ಮಲಗಮ್ಮ, ಅದನ್ನೇ ನೋಡ್ತಾ ಕೂತರೆ ತಲೆ ಕೆಡುತ್ತೆ.’ ಅವಳು ತಲೆ ಎತ್ತದೆ, ಸಿಟ್ಟಿಲ್ಲದೆ, ‘ನಾನು ಇಟ್ಟರೆ ಯಾರು ನೋಡ್ತಾರಪ್ಪ?’ ಎಂದಳು. ಆ ಪ್ರಶ್ನೆಗೆ ನನ್ನ ಬಳಿ ಆ ರಾತ್ರಿ ಉತ್ತರವಿರಲಿಲ್ಲ. ಈ ಬರಹದಲ್ಲಿ ನಾನು ಹೇಳಹೊರಟಿರುವುದೆಲ್ಲ ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಆರೋಗ್ಯದ ವಿಪತ್ತು ಬಂದಾಗ ಯುವಜನರು ಸಾಮಾಜಿಕ ಜಾಲತಾಣಗಳಲ್ಲಿ ಮುಳುಗಿ ಮನಸ್ಸು ಹಾಳುಮಾಡಿಕೊಳ್ಳುತ್ತಾರೆ ಎಂದು ನಾವು ಹಿರಿಯರು ಸುಲಭವಾಗಿ ಹೇಳಿಬಿಡುತ್ತೇವೆ. ಅದೊಂದು ದುಶ್ಚಟ, ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಂಡರೆ ಬಿಡಬಹುದಾದದ್ದು ಎಂಬ ಧಾಟಿ ಆ ಮಾತಿನಲ್ಲಿರುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಪದವಿ ತರಗತಿಗಳಿಗೆ ಕನ್ನಡ ಪಾಠ ಹೇಳುತ್ತಾ ಬಂದಿರುವ ನಾನೂ ಹಾಗೆಯೇ ತಿಳಿದಿದ್ದೆ. ಈಗ ಹಾಗೆ ತಿಳಿದಿಲ್ಲ. ಆ ದಿನಗಳಲ್ಲಿ ನಮ್ಮ ಮಕ್ಕಳು ಫೋನು ನೋಡುತ್ತಿದ್ದುದು ಹೆಚ್ಚಿನ ಮಟ್ಟಿಗೆ ಇಡೀ ಮನೆಯ ಪರವಾಗಿ. ಮನೆಯ ಸುದ್ದಿಕೋಣೆಯನ್ನು ನಾವು ಕೇಳದೆಯೇ ಅವರ ಕೈಗೆ ಕೊಟ್ಟು, ಆಮೇಲೆ ಅವರಿಗೆ ಸುದ್ದಿಯ ಗೀಳು ಹಿಡಿದಿದೆ ಎಂದು ಬೈದೆವು.

ಈ ಜವಾಬ್ದಾರಿ ಅವರ ಹೆಗಲೇರಿದ್ದು ಒಂದೇ ದಿನದಲ್ಲಿ ಅಲ್ಲ. 2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು, ಎರಡು ದಿನಗಳ ಬಳಿಕ ಅದು ಕೋವಿಡ್‌ನಿಂದ ದೇಶದಲ್ಲಿ ಆದ ಮೊದಲ ಸಾವೆಂದು ದೃಢಪಟ್ಟಿತು. ಅಲ್ಲಿಂದಾಚೆ ರಾಜ್ಯದ ಆರೋಗ್ಯ ಇಲಾಖೆ ಪ್ರತಿದಿನ ಒಂದು ಪತ್ರಿಕಾ ಪ್ರಕಟಣೆ ಹೊರಡಿಸತೊಡಗಿತು. ಶುರುವಿನಲ್ಲಿ ಪ್ರತಿ ಸೋಂಕಿತರಿಗೂ ‘ಪಿ’ ಅಕ್ಷರದ ಮುಂದೆ ಒಂದು ಸಂಖ್ಯೆ ಇರುತ್ತಿತ್ತು. ವಯಸ್ಸು, ಗಂಡೋ ಹೆಣ್ಣೋ, ಯಾವ ಜಿಲ್ಲೆ, ಯಾರ ಸಂಪರ್ಕದಿಂದ ಬಂದದ್ದು ಎಂಬುದೆಲ್ಲ ಸಾಲಾಗಿ ಬರುತ್ತಿತ್ತು. ಆ ಪಿಡಿಎಫ್ ಕಡತವನ್ನು ತೆರೆದು, ಹಾಸನದ ಸಾಲನ್ನು ಹುಡುಕಿ, ಅಜ್ಜಿಗೆ ಓದಿ ಹೇಳುವ ಕೆಲಸ ನಮ್ಮ ಮನೆಯಲ್ಲಿ ಮಗಳದಾಯಿತು, ಏಕೆಂದರೆ ಅವಳ ಕಣ್ಣು ಚುರುಕು, ಅವಳ ಫೋನು ಹೊಸದು. ‘ಇವತ್ತು ನಮ್ಮ ಜಿಲ್ಲೆಗೆ ಎಷ್ಟಂತೆ?’ ಎಂದು ನಮ್ಮ ತಾಯಿ ದೇವರ ದೀಪ ಹಚ್ಚಿದ ಮೇಲೆ ಕೇಳುವುದು ದಿನದ ವಾಡಿಕೆಯಾಯಿತು. ಉತ್ತರ ಹೇಳುವವಳಿಗೆ ಆಗ ಹತ್ತೊಂಬತ್ತು.

ಅದೇ ಹೊತ್ತಿಗೆ ಇನ್ನೊಂದು ಕೆಲಸವೂ ಸೇರಿಕೊಂಡಿತು. ಮನೆಯ ಹಿರಿಯರಿಗೆಲ್ಲ ಅಷ್ಟರಲ್ಲಿ ವಾಟ್ಸ್ಆ್ಯಪ್ ಬಂದಿತ್ತು. ಬಳಗದ ಗುಂಪು, ಬೀದಿಯ ಗುಂಪು, ನಿವೃತ್ತರ ಗುಂಪು, ಭಜನಾ ಮಂಡಳಿಯ ಗುಂಪು, ಎಲ್ಲ ಕಡೆಯಿಂದಲೂ ಸಂದೇಶಗಳು ಬಂದು ಬೀಳುತ್ತಿದ್ದವು. ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಆಮ್ಲಜನಕ ಏರುತ್ತದೆ, ಕರ್ಪೂರ ಮತ್ತು ಓಮವನ್ನು ಗಂಟು ಕಟ್ಟಿ ಮೂಸಿದರೆ ಆಸ್ಪತ್ರೆಯೇ ಬೇಡ, ಇಂಥ ಹೊತ್ತಿಗೆ ಆಕಾಶದಿಂದ ಔಷಧ ಸಿಂಪಡಿಸುತ್ತಾರೆ, ಯಾರೂ ಹೊರಗೆ ಬರಬೇಡಿ. ಇವುಗಳಲ್ಲಿ ಯಾವುದು ನಿಜ, ಯಾವುದು ಗಾಳಿಸುದ್ದಿ ಎಂದು ತೀರ್ಮಾನಿಸಬೇಕಾದವರು ಮತ್ತೆ ಮಕ್ಕಳೇ. ಮೊದಲು ಅವಳೇ ಹುಡುಕಿ ನೋಡಬೇಕು, ಆಮೇಲೆ ದೊಡ್ಡಪ್ಪನಿಗೆ ಬೇಸರವಾಗದಂತೆ ‘ಇದು ಸುಳ್ಳು’ ಎಂದು ತಿಳಿಸಬೇಕು. ತಿಳಿಸಿದ ಮೇಲೂ ದೊಡ್ಡಪ್ಪ ಒಪ್ಪದಿದ್ದರೆ ಅವರು ನಿಜವಾಗಿ ಮೂಗಿಗೆ ನಿಂಬೆರಸ ಬಿಟ್ಟುಕೊಂಡುಬಿಡುತ್ತಾರೇನೋ ಎಂಬ ಭಯವನ್ನು ರಾತ್ರಿಯೆಲ್ಲ ಹೊತ್ತುಕೊಂಡಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಅವರು 2020ರ ಫೆಬ್ರವರಿಯಲ್ಲೇ, ನಾವು ರೋಗದ ಸಾಂಕ್ರಾಮಿಕದ ವಿರುದ್ಧ ಮಾತ್ರವಲ್ಲ, ಮಾಹಿತಿಯ ಸಾಂಕ್ರಾಮಿಕದ ವಿರುದ್ಧವೂ ಹೋರಾಡುತ್ತಿದ್ದೇವೆ ಎಂದಿದ್ದರು. ಆ ಹೋರಾಟದ ಮುಂಚೂಣಿಯಲ್ಲಿ ಬಂದು ನಿಂತವರು ಹದಿನಾರರಿಂದ ಇಪ್ಪತ್ತೈದರ ಒಳಗಿನ ನಮ್ಮ ಮನೆಮಕ್ಕಳು. ಅವರಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ಫೋನನ್ನು ದೂರವಿಡುವುದು ಅವರಿಗೆ ಸಾಧ್ಯವೂ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ತರಗತಿ ಅದರಲ್ಲಿ, ಹಾಜರಿ ಅದರಲ್ಲಿ, ಪರೀಕ್ಷೆ ಮುಂದೆ ಹೋಯಿತೆಂಬ ಸುತ್ತೋಲೆಯೂ ಅದರಲ್ಲೇ. ನಾನು ಬೆಳಿಗ್ಗೆ ಹತ್ತಕ್ಕೆ ಗೂಗಲ್ ಮೀಟ್‌ನಲ್ಲಿ ವಡ್ಡಾರಾಧನೆಯ ಪಾಠ ಮಾಡುತ್ತಿದ್ದರೆ, ಅದೇ ಪರದೆಯ ಮೇಲ್ತುದಿಯಲ್ಲಿ ವಿದ್ಯಾರ್ಥಿಗಳಿಗೆ ಒಂದರ ಹಿಂದೊಂದು ಪಟ್ಟಿ ಇಳಿಯುತ್ತಿತ್ತು: ‘ಓ ಪಾಸಿಟಿವ್ ಪ್ಲಾಸ್ಮಾ ತುರ್ತಾಗಿ ಬೇಕು’, ‘ನಮ್ಮ ಸೀನಿಯರ್ ತಂದೆ ಇನ್ನಿಲ್ಲ’, ‘ರೆಮ್‌ಡೆಸಿವಿರ್ ಎಲ್ಲಿ ಸಿಗುತ್ತೆ?’ ಒಂದು ದಿನ ಪಾಠದ ನಡುವೆ ಒಬ್ಬ ಹುಡುಗ ಮೈಕು ಮುಚ್ಚುವುದನ್ನು ಮರೆತಿದ್ದ. ಯಾರೊಂದಿಗೋ ಬೇರೆ ಫೋನಿನಲ್ಲಿ, ‘ಜಂಬೋ ಸಿಲಿಂಡರ್ ಆದರೆ ಅಡ್ವಾನ್ಸ್ ಎಷ್ಟು ಅಣ್ಣ?’ ಎಂದು ಕೇಳುತ್ತಿದ್ದುದು ಐವತ್ತೆಂಟು ಜನರಿಗೂ ಕೇಳಿಸಿತು. ತರಗತಿಯಲ್ಲಿ ಯಾರೂ ನಗಲಿಲ್ಲ. ನಾನು ಪಾಠ ನಿಲ್ಲಿಸಿ ಏನು ಬೇಕಾಗಿತ್ತೆಂದು ಕೇಳಬೇಕಿತ್ತು. ಕೇಳದೆ ಮುಂದಿನ ವಾಕ್ಯಕ್ಕೆ ಹೋದೆ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಸುಳ್ಳು ಸುದ್ದಿಯ ಅಪಾಯದ ಬಗ್ಗೆ ಆಗಲೂ ಈಗಲೂ ಬಹಳ ಚರ್ಚೆಯಾಗಿದೆ, ಆಗಬೇಕಾದದ್ದೇ. ಆದರೆ ನನ್ನ ಮಗಳನ್ನೂ ಅವಳ ಗೆಳೆಯರನ್ನೂ ಹೆಚ್ಚು ಹಣ್ಣುಮಾಡಿದ್ದು ನಿಜವಾದ ಸುದ್ದಿ. ಸುಳ್ಳನ್ನು ಸುಳ್ಳೆಂದು ತಿಳಿದ ಮೇಲೆ ಬಿಸಾಡಬಹುದು, ಮನಸ್ಸು ಹಗುರಾಗುತ್ತದೆ. ನಿಜಕ್ಕೆ ಹಾಗಿಲ್ಲ. ‘ಪರಿಶೀಲಿಸಲಾಗಿದೆ’ ಎಂಬ ಮುದ್ರೆಯೊಂದಿಗೆ ಬರುತ್ತಿದ್ದ ಒಂದೊಂದು ನಂಬರಿಗೂ ಆಯುಸ್ಸು ಎಷ್ಟಿತ್ತು ಎಂಬುದನ್ನು ಆ ನೋಟ್‌ಬುಕ್ಕಿನಲ್ಲಿ ಈಗಲೂ ನೋಡಬಹುದು. ರಾತ್ರಿ 11.40ಕ್ಕೆ ‘ಎರಡು ಸಿಲಿಂಡರ್ ಇದೆ’ ಎಂದವರು 11.55ಕ್ಕೆ ‘ಈಗಷ್ಟೇ ಕೊಟ್ಟೆವು’ ಎಂದಿದ್ದಾರೆ. 11.40ಕ್ಕೆ ಅದು ನಿಜವೇ ಆಗಿತ್ತು. ಆದರೆ ಆ ಹದಿನೈದು ನಿಮಿಷಗಳಲ್ಲಿ ಅದೇ ನಂಬರು ಎಷ್ಟು ಗುಂಪುಗಳಿಗೆ, ಎಷ್ಟು ಊರುಗಳಿಗೆ ಹೋಯಿತೋ. ಮರುದಿನ, ಅದರ ಮರುದಿನ, ಒಂದು ವಾರದ ಮೇಲೂ ಯಾರೋ ಒಬ್ಬರು ಅದನ್ನು ಹೊಸದೆಂದು ತಿಳಿದು ಕಳಿಸುತ್ತಲೇ ಇದ್ದರು. ಮಾಹಿತಿ ಹುಟ್ಟಿದ ಹೊತ್ತು ಅದರ ಜೊತೆಗೆ ಪ್ರಯಾಣ ಮಾಡುತ್ತಿರಲಿಲ್ಲ. ಸತ್ತ ನಂಬರು ಮತ್ತು ಜೀವಂತ ನಂಬರು ನೋಡಲು ಒಂದೇ ತೆರನಾಗಿದ್ದವು, ಎರಡನ್ನೂ ಬೇರ್ಪಡಿಸಲು ಇದ್ದ ಒಂದೇ ದಾರಿ ಮತ್ತೆ ಕರೆ ಮಾಡುವುದು. ಅತ್ತ ತುದಿಯಲ್ಲಿದ್ದವರು ದಿನಕ್ಕೆ ನೂರಾರು ಕರೆಗಳಿಂದ ಬೇಸತ್ತು ಬೈಯುತ್ತಿದ್ದರು. ಅವರನ್ನೂ ತಪ್ಪೆನ್ನಲು ಬರುವುದಿಲ್ಲ.

ಹುಡುಕುವ ಚಳಕವನ್ನು ಈ ಮಕ್ಕಳು ತಾವೇ ಕಲಿತರು. ಟ್ವಿಟರ್‌ನಲ್ಲಿ ಊರಿನ ಹೆಸರು, ಜೊತೆಗೆ ‘ವೆರಿಫೈಡ್’, ಆಮೇಲೆ ‘ಬೇಕಾಗಿದೆ’ ಎಂಬ ಅರ್ಥದ ಪದವಿರುವ ಬರಹಗಳನ್ನು ಬಿಟ್ಟು ಉಳಿದದ್ದನ್ನು ತೋರಿಸು ಎಂಬ ಸೂತ್ರವನ್ನು ಮಗಳು ನನಗೂ ತೋರಿಸಿಕೊಟ್ಟಿದ್ದಳು. ಬೇಡುವವರ ಕೂಗನ್ನು ಸೋಸಿ ತೆಗೆದರೆ ಮಾತ್ರ ಕೊಡುವವರ ದನಿ ಕೇಳಿಸುತ್ತಿತ್ತು. ಒಬ್ಬರಿಗೆ ಸಹಾಯ ಮಾಡಲು ಉಳಿದ ಸಾವಿರ ಜನರ ಅಳಲನ್ನು ಕಣ್ಣಿಂದ ಮರೆಮಾಡಬೇಕು. ಇಪ್ಪತ್ತು ವರ್ಷದ ಮನಸ್ಸಿಗೆ ಇದು ಸಣ್ಣ ಹೊರೆಯಲ್ಲ. ಅಷ್ಟು ಸೋಸಿದರೂ ಆ್ಯಪ್ ಬಿಡುತ್ತಿರಲಿಲ್ಲ. ಎರಡು ದಿನ ಆಮ್ಲಜನಕವನ್ನು ಹುಡುಕಿದ ಫೋನಿಗೆ ಮೂರನೆಯ ದಿನದಿಂದ ತೋರಿಸಲು ಬೇರೇನೂ ಉಳಿಯುವುದಿಲ್ಲ. ಅಡುಗೆಯ ವಿಡಿಯೊ, ಕ್ರಿಕೆಟ್ಟು, ಹಾಡು ಎಲ್ಲ ಹಿಂದೆ ಸರಿದು, ಚಿತೆಗಳ ಸಾಲು, ಆ್ಯಂಬುಲೆನ್ಸಿನ ಸೈರನ್ನು, ಆಸ್ಪತ್ರೆಯ ಬಾಗಿಲಲ್ಲಿ ಅಳುವ ಮಗನ ಮುಖ ಮುಂದೆ ಬರುತ್ತವೆ. ನೀನು ಯಾವುದರ ಮೇಲೆ ನಿಂತೆಯೋ ಅದನ್ನೇ ಇನ್ನಷ್ಟು ಕೊಡುವುದು ಆ ವ್ಯವಸ್ಥೆಯ ಸ್ವಭಾವ, ನಿಂತದ್ದು ಆಸೆಯಿಂದಲೋ ಸಂಕಟದಿಂದಲೋ ಎಂದು ಅದಕ್ಕೆ ತಿಳಿಯುವುದಿಲ್ಲ.

ಚಾಮರಾಜನಗರದ ಸುದ್ದಿ ಬಂದದ್ದು ಈ ನಡುವೆಯೇ. ಮೇ 2ರ ರಾತ್ರಿಯಿಂದ 3ರ ಬೆಳಗಿನ ನಡುವೆ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಗಿ 24 ಮಂದಿ ಸತ್ತರೆಂದು ಮೊದಲು ಸುದ್ದಿಯಾಯಿತು. ಮುಂದೆ ಹೈಕೋರ್ಟ್ ನೇಮಿಸಿದ ಸಮಿತಿ ಆ ಸಂಖ್ಯೆಯನ್ನು 36 ಎಂದು ಹೇಳಿತು. ನಾನು ಅದನ್ನು ಮರುದಿನ ಪತ್ರಿಕೆಯಲ್ಲಿ ಒಮ್ಮೆ ಓದಿದೆ, ಕಾಫಿ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ, ದುಃಖಪಟ್ಟೆ. ಪತ್ರಿಕೆ ಮಡಚಿದೆ, ಸುದ್ದಿ ಅಲ್ಲಿಗೆ ನಿಂತಿತು. ಮಗಳಿಗೆ ಅದೇ ಸುದ್ದಿ ಎಷ್ಟು ಬಾರಿ ಬಂತೆಂದು ನಾನು ಆಮೇಲೆ ಕೇಳಿದೆ. ಟಿವಿ ವಾಹಿನಿಯ ತುಣುಕಾಗಿ, ಯಾರದೋ ಸ್ಟೋರಿಯಾಗಿ, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರದ ಪೋಸ್ಟರಾಗಿ, ಬಂಧುವೊಬ್ಬರು ಎದೆ ಬಡಿದುಕೊಳ್ಳುವ ವಿಡಿಯೊ ಆಗಿ, ಕಾಲೇಜು ಗುಂಪಿನ ವಾಗ್ವಾದವಾಗಿ, ಎಣಿಸಿ ನೋಡಿದರೆ ಒಂದೇ ದಿನದಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಬಂದಿತ್ತು. ಅಷ್ಟು ಸಲವೂ ಅದು ಈಗ ನಡೆಯುತ್ತಿದೆ ಎಂಬಂತೆಯೇ ಬಂದಿತ್ತು. ನಾನು ಒಂದು ಸಾವಿನ ಮನೆಗೆ ಒಮ್ಮೆ ಹೋಗಿ ಬಂದಿದ್ದೆ. ಅವಳು ಅದೇ ಮನೆಗೆ ಮೂವತ್ತು ಸಲ ಹೋಗಿಬಂದಿದ್ದಳು.

2013ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟದ ವೇಳೆ ಬಾಂಬುಗಳು ಸಿಡಿದಾಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಮಾಡಿದರು. ಆ ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಟಿವಿಯಲ್ಲಿ, ಅಂತರ್ಜಾಲದಲ್ಲಿ, ಜಾಲತಾಣಗಳಲ್ಲಿ ಆ ಸುದ್ದಿಯನ್ನು ನೋಡಿದವರಲ್ಲಿ ತೀವ್ರ ಒತ್ತಡದ ಲಕ್ಷಣಗಳು, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಹೆಚ್ಚಾಗಿ ಕಂಡುಬಂದವು. ಅದು ರೋಗದ ಮಾತಲ್ಲ, ನಮ್ಮ ನಾಡಿನ ಮಾತೂ ಅಲ್ಲ. ಆದರೂ ಮಗಳ ಮೂವತ್ತು ಸಲದ ಲೆಕ್ಕ ಕೇಳಿದ ಮೇಲೆ ಅದನ್ನು ನಾನು ಮರೆಯಲಾಗಲಿಲ್ಲ. ಕಣ್ಣೆದುರು ನಡೆದದ್ದಕ್ಕೆ ಒಂದು ಅಂಚು ಇರುತ್ತದೆ, ಅದು ಮುಗಿಯುತ್ತದೆ, ಜನ ಮನೆಗೆ ಹೋಗುತ್ತಾರೆ. ಪರದೆಯ ಮೇಲೆ ನಡೆದದ್ದು ಬೆರಳು ಸರಿಸಿದಂತೆಲ್ಲ ಮತ್ತೆ ಆರಂಭವಾಗುತ್ತದೆ.

ಅದರ ಪರಿಣಾಮ ಮೈಮೇಲೆ ಕಾಣುತ್ತಿತ್ತು. ಆ ಎರಡು ತಿಂಗಳಲ್ಲಿ ಅವಳು ಊಟದ ತಟ್ಟೆಯ ಪಕ್ಕದಲ್ಲೇ ಫೋನಿಟ್ಟುಕೊಳ್ಳುತ್ತಿದ್ದಳು, ಪರದೆ ಬೆಳಗಿದರೆ ತುತ್ತು ಅರ್ಧಕ್ಕೇ ನಿಲ್ಲುತ್ತಿತ್ತು. ಫೋನು ಇಲ್ಲದಾಗಲೂ ನಡುಗಿದಂತೆ ಭಾಸವಾಗಿ ತೊಡೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಓದದೆ ಉಳಿದ ಸಂದೇಶ ಅವಳ ಪಾಲಿಗೆ ಯಾರದೋ ಜೀವ. ಸ್ನಾನಕ್ಕೆ ಹೋದ ಹದಿನೈದು ನಿಮಿಷದಲ್ಲಿ ಬಂದ ಕರೆಯೊಂದನ್ನು ತೆಗೆಯಲಿಲ್ಲವೆಂದು ಒಂದು ಮಧ್ಯಾಹ್ನವೆಲ್ಲ ಅತ್ತಳು. ಆ ರೋಗಿ ಬೇರೆ ಕಡೆ ಹಾಸಿಗೆ ಸಿಕ್ಕಿ ಬದುಕಿದರು ಎಂದು ಸಂಜೆ ಗೊತ್ತಾದರೂ ಅಳು ನಿಲ್ಲಲಿಲ್ಲ. ಗೆಳತಿಯ ತಾಯಿಗೆ ಮೇ 6ರ ಬೆಳಿಗ್ಗೆ ಹಾಸಿಗೆ ಸಿಕ್ಕಿತು, ಅವರು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಆದರೆ ಅವಳ ಪುಸ್ತಕದಲ್ಲಿ ಹೀಗೆ ಮುಗಿದ ಕಥೆಗಳು ಕಡಿಮೆ. ಹೆಚ್ಚಿನವು ಮುಗಿಯಲೇ ಇಲ್ಲ. ನಂಬರು ಕೊಟ್ಟಳು, ಅವರು ‘ಥ್ಯಾಂಕ್ಯೂ’ ಎಂದರು, ಆಮೇಲೇನಾಯಿತು ಎಂದು ಯಾರೂ ತಿಳಿಸಲಿಲ್ಲ. ದುಃಖದಲ್ಲಿರುವವರು ಅಪರಿಚಿತಳೊಬ್ಬಳಿಗೆ ತಿಳಿಸಬೇಕೆಂದು ನಿರೀಕ್ಷಿಸುವುದು ತಪ್ಪು. ಆದರೂ ವೈದ್ಯರಿಗೆ, ದಾದಿಯರಿಗೆ ಒಂದು ಪಾಳಿ ಮುಗಿಯುತ್ತದೆ, ರೋಗಿಯ ಗತಿ ಏನೆಂದು ಕಣ್ಣಿಗೆ ಕಾಣುತ್ತದೆ; ಈ ಮಕ್ಕಳಿಗೆ ಪಾಳಿಯೂ ಇರಲಿಲ್ಲ, ಗತಿಯೂ ತಿಳಿಯಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ ಮನಸ್ಸಿನ ಆರೋಗ್ಯದ ಬಗ್ಗೆ ಸಲಹೆಗಳನ್ನು ಹೊರಡಿಸಿತ್ತು. ಸುದ್ದಿಯನ್ನು ದಿನಕ್ಕೆ ಒಂದೋ ಎರಡೋ ಬಾರಿ, ಗೊತ್ತಾದ ಹೊತ್ತಿನಲ್ಲಿ ಮಾತ್ರ ನೋಡಿ ಎಂಬುದು ಅವುಗಳಲ್ಲಿ ಒಂದು. ಒಳ್ಳೆಯ ಸಲಹೆ. ಆದರೆ ಅದು ಸುದ್ದಿಯನ್ನು ತಿಳಿದುಕೊಳ್ಳಲು ಮಾತ್ರ ನೋಡುವವರಿಗೆ ಹೇಳಿದ್ದು. ಸುದ್ದಿಯನ್ನು ಹಾಸಿಗೆಯಾಗಿ, ಸಿಲಿಂಡರಾಗಿ, ಔಷಧಿಯಾಗಿ ಮಾರ್ಪಡಿಸಬೇಕಾದವಳಿಗೆ ದಿನಕ್ಕೆ ಎರಡು ಬಾರಿ ನೋಡು ಎಂದರೆ ಅವಳು ಏನು ಮಾಡಬೇಕು? ನಿಮ್ಹಾನ್ಸ್ ಸಂಸ್ಥೆ 2020ರಲ್ಲಿ ಆಪ್ತಸಮಾಲೋಚನೆಗೆ ಸಹಾಯವಾಣಿ ತೆರೆದಿತ್ತು. ನಮ್ಮ ಕಾಲೇಜಿನ ಗುಂಪುಗಳಲ್ಲೂ ಆ ಸಂಖ್ಯೆ ಹರಿದಾಡಿತು. ಬೇರೆ ನೂರು ಸಂಖ್ಯೆಗಳ ನಡುವೆ ಅದೂ ಒಂದಾಗಿ ಬಂತು. ಮಗಳು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಬೇರೆಯವರಿಗೆ ಬೇಕಾದೀತೆಂದು ಇಟ್ಟುಕೊಂಡಿದ್ದಳು. ತನಗೆ ಬೇಕಾದೀತು ಎಂದು ಅವಳಿಗೆ ಅನ್ನಿಸಲಿಲ್ಲ, ನನಗೂ ಹೊಳೆಯಲಿಲ್ಲ.

ಸಂದೇಶಗಳ ಈ ಪ್ರವಾಹವನ್ನು ತಗ್ಗಿಸಲು ಆಗುವುದೇ ಇಲ್ಲ ಎಂದು ಕೈಚೆಲ್ಲುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಹಲವು ಬಾರಿ ಕೈದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳಿಸಬಹುದೆಂಬ ಮಿತಿಯನ್ನು ವಾಟ್ಸ್ಆ್ಯಪ್ 2020ರ ಏಪ್ರಿಲ್‌ನಲ್ಲಿ ಹಾಕಿತು. ಕೆಲವೇ ವಾರಗಳಲ್ಲಿ ಅಂಥ ಸಂದೇಶಗಳ ಹರಿದಾಟ ಶೇ. 70ರಷ್ಟು ಇಳಿಯಿತೆಂದು ಆ ಕಂಪನಿಯೇ ಹೇಳಿಕೊಂಡಿತು. ಯಾರ ಮನಸ್ಸನ್ನೂ ತಿದ್ದದೆ, ಯಾರಿಗೂ ಬುದ್ಧಿ ಹೇಳದೆ, ಒಂದು ಗುಂಡಿಯನ್ನು ಸ್ವಲ್ಪ ಬಿಗಿ ಮಾಡಿದ್ದರಿಂದ ಆದ ಬದಲಾವಣೆ ಅದು. ಹಾಗೆಯೇ, ಒಂದು ನಂಬರನ್ನು ಯಾವ ದಿನ, ಎಷ್ಟು ಹೊತ್ತಿಗೆ ಪರೀಕ್ಷಿಸಲಾಯಿತು ಎಂಬುದು ಆ ನಂಬರಿಗೇ ಅಂಟಿಕೊಂಡು ಹೋಗುವಂತೆ, ಆರು ಗಂಟೆ ಕಳೆದರೆ ತಾನೇ ಮಾಸಿಹೋಗುವಂತೆ ಮಾಡುವುದು ಇಂಥ ಕಂಪನಿಗಳಿಗೆ ಕಷ್ಟವಾಗಿರಲಿಲ್ಲ ಎಂದು ಮಗಳು ಈಗ ಹೇಳುತ್ತಾಳೆ. ಅವಳು ಈಗ ಅದೇ ಕ್ಷೇತ್ರದಲ್ಲಿ ಕೆಲಸ ಮಾಡುವವಳು, ಅವಳ ಮಾತನ್ನು ನಾನು ನಂಬುತ್ತೇನೆ.

ನಮ್ಮ ಮನೆಯಲ್ಲಿ ದಾರಿ ಕಂಡದ್ದು ಮೇ ಎರಡನೆಯ ವಾರದಲ್ಲಿ. ಅದನ್ನು ತೋರಿಸಿದವಳು ನನ್ನ ಹೆಂಡತಿ. ‘ಅವಳಿಗೆ ಫೋನು ಬಿಡು ಅನ್ನೋ ಬದಲು ಅರ್ಧ ನಂಬರು ನೀವು ಮಾಡಿ’ ಎಂದಳು. ಅಲ್ಲಿಯವರೆಗೆ ನನಗೆ ಅದು ತೋಚಿರಲಿಲ್ಲ ಎಂಬುದು ನಾಚಿಕೆಯ ವಿಷಯ. ಅಂದಿನಿಂದ ರಾತ್ರಿ ಹತ್ತರಿಂದ ಎರಡರವರೆಗಿನ ಕರೆಗಳು ನನ್ನವಾದವು. ಬೆಳಗಿನ ಆರರಿಂದ ಒಂಬತ್ತು ಹೆಂಡತಿಯದು. ಮಗಳ ಪಾಲಿಗೆ ಹಗಲಿನ ಎರಡು ಹೊತ್ತು. ಅವಳು ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ಯಾವುದನ್ನು ಕೇಳಬೇಕು, ಹೇಗೆ ಕೇಳಬೇಕು ಎಂದು ತಿಳಿಸಿದಳು. ‘ಮೊದಲು ಹೊತ್ತು ಬರೀರಿ ಅಪ್ಪ, ಆಮೇಲೆ ಮಾತು’ ಎಂದು ಎರಡು ಸಲ ಒತ್ತಿ ಹೇಳಿದಳು. ನಾನು ಹತ್ತನೆಯ ಕರೆ ಮಾಡುವ ಹೊತ್ತಿಗೆ ಅಂಗೈ ಬೆವೆತಿತ್ತು. ಹನ್ನೊಂದನೆಯವರು ಚಿಕ್ಕಬಳ್ಳಾಪುರದ ಕಡೆಯವರು; ‘ನಮ್ಮಣ್ಣ ಹೋಗ್ಬಿಟ್ರು ಸಾರ್, ಸಿಲಿಂಡರು ಇದೆ, ಯಾರಾದ್ರೂ ತಗೊಂಡು ಹೋಗ್ಲಿ’ ಎಂದರು. ಅದನ್ನು ಕೊನೆಯ ಕಲಮಿನಲ್ಲಿ ಹೇಗೆ ಬರೆಯುವುದೆಂದು ತಿಳಿಯದೆ ಪೆನ್ನು ಹಿಡಿದು ಕೂತೆ. ಐವತ್ತು ದಾಟಿದ ನನಗೆ ಒಂದು ರಾತ್ರಿಗೆ ಇಷ್ಟಾದರೆ, ಮೂರು ವಾರಗಳಿಂದ ಒಬ್ಬಳೇ ಇದನ್ನು ಮಾಡಿದವಳಿಗೆ ಏನಾಗಿರಬೇಕು ಎಂದು ಆಗ ತಿಳಿಯಿತು. ಮೊದಲನೆಯ ರಾತ್ರಿ ಅವಳು ಹತ್ತೂವರೆಗೆ ಮಲಗಿ ಬೆಳಿಗ್ಗೆ ಎಂಟಕ್ಕೆ ಎದ್ದಳು. ಅಜ್ಜಿಗೆ ಸಂಜೆಯ ಅಂಕಿಅಂಶ ಹೇಳುವ ಕೆಲಸವನ್ನು ಆಕಾಶವಾಣಿಯ ವಾರ್ತೆಗೆ ವಹಿಸಿದೆವು. ವಾರ್ತೆಗೆ ಒಂದು ಕೊನೆಯಿತ್ತು. ಮುಗಿದ ಮೇಲೆ ಹಾಡು ಬರುತ್ತಿತ್ತು.

ಅಲೆ ಇಳಿಯಿತು. ಆದರೆ ಆ ಎರಡು ತಿಂಗಳಲ್ಲಿ ಮೈಗೆ ಹತ್ತಿದ ಎಚ್ಚರ ಇಳಿಯಲಿಲ್ಲ. ಅದೇ ವರ್ಷ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಾಗ ನಾಡಿಗೆ ನಾಡೇ ಮರುಗಿತು. ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು, ಅದರಲ್ಲಿ ಎಳೆಯರೂ ಬಹಳ ಮಂದಿ ಇದ್ದರು. 2025ರ ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ಆ ಭಯ ನಮ್ಮ ಊರಿಗೇ ಬಂತು. ಸುಮಾರು ನಲವತ್ತು ದಿನಗಳಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರೆಂಬ ಸುದ್ದಿ, ಸತ್ತವರಲ್ಲಿ ಇಪ್ಪತ್ತರ ಹರೆಯದವರೂ ಇದ್ದರೆಂಬ ಸುದ್ದಿ, ದಿನಕ್ಕೊಂದು ಹೊಸ ಎಣಿಕೆಯೊಂದಿಗೆ ರೀಲ್ಸುಗಳಲ್ಲಿ ಓಡತೊಡಗಿತು. ‘ಹಾಸನದಲ್ಲಿ ಇವತ್ತು ಮತ್ತೊಂದು’ ಎಂಬ ಸಾಲಿನ ಕೆಳಗೆ ಎಳೆಯರ ಫೋಟೊಗಳು. ಎದೆ ಹಿಡಿದುಕೊಂಡು ಕುಸಿಯುವ ಸಿಸಿಟಿವಿ ದೃಶ್ಯಗಳು ಎಲ್ಲೆಲ್ಲಿಂದಲೋ ಬಂದು ಹಾಸನದ ಹೆಸರು ಹೊತ್ತವು. ಕೋವಿಡ್ ಲಸಿಕೆಯೇ ಕಾರಣ ಎಂಬ ಮಾತು ಅದರ ಹಿಂದೆಯೇ ಬಂತು.

ಆಗ ನನ್ನ ತರಗತಿಯಲ್ಲಿದ್ದವರು 2021ರಲ್ಲಿ ಪ್ರೌಢಶಾಲೆಯಲ್ಲಿದ್ದ ಮಕ್ಕಳು. ಜುಲೈ ಮೊದಲ ವಾರ ದ್ವಿತೀಯ ಬಿ.ಎ.ಯ ಮೂವರು ಹುಡುಗರು ಎರಡು ದಿನ ಕಾಣಲಿಲ್ಲ. ಕೇಳಿದರೆ, ಮೈಸೂರಿನ ಜಯದೇವಕ್ಕೆ ಹೋಗಿ ನಸುಕಿನಿಂದ ಸಾಲಿನಲ್ಲಿ ನಿಂತು ಇಸಿಜಿ ಮಾಡಿಸಿಕೊಂಡು ಬಂದಿದ್ದರು. ಮೂವರದೂ ಸರಿಯಾಗಿತ್ತು. ಒಬ್ಬ ಹುಡುಗ ಆ ಕಾಗದವನ್ನು ಮಡಚಿ ಶರ್ಟಿನ ಜೇಬಿನಲ್ಲೇ ಇಟ್ಟುಕೊಂಡಿದ್ದ. ‘ರಾತ್ರಿ ಮಲಗಿದರೆ ಎದೆ ಬಡಿತ ಕೇಳಿಸುತ್ತೆ ಸಾರ್, ಆಗ ಇದನ್ನ ತೆಗೆದು ನೋಡ್ತೀನಿ’ ಎಂದ. ಅವನು ಮನೆಯಲ್ಲಿ ಹಿರಿಯ ಮಗ. ತಂದೆಗೆ ಸಕ್ಕರೆ ಕಾಯಿಲೆ. ಆ ರೀಲ್ಸುಗಳನ್ನು ಅವನು ನೋಡುತ್ತಿದ್ದುದು ಅಪ್ಪನಿಗೆ ಏನಾದರೂ ಆದರೆ ಗುರುತು ಹಿಡಿಯಬೇಕಲ್ಲ ಎಂದು.

ಜುಲೈ 10ರಂದು ಸರ್ಕಾರ ತಜ್ಞರ ಸಮಿತಿಯ ವರದಿಯನ್ನು ಪ್ರಕಟಿಸಿತು. ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಜಿಲ್ಲೆಯಲ್ಲಿ ಹೃದಯಾಘಾತಗಳು ಹಠಾತ್ತಾಗಿ ಏರಿದ್ದಕ್ಕೆ ಆಧಾರ ಸಿಗಲಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದಂಥ ಹಳೆಯ ಕಾರಣಗಳೇ ಹೆಚ್ಚಿನವರಲ್ಲಿ ಕಂಡವು. ಸಾವುಗಳು ನಿಜ, ಆ ಮನೆಗಳ ದುಃಖ ನಿಜ. ಆದರೆ ಒಂದು ಜಿಲ್ಲೆಯಲ್ಲಿ ಯಾವಾಗಲೂ ನಡೆಯುವಂಥದ್ದನ್ನು ಒಂದೊಂದಾಗಿ ಎತ್ತಿ, ಸಂಖ್ಯೆ ಹಾಕಿ, ಪ್ರತಿದಿನ ಕಣ್ಣಿಗೆ ಹಿಡಿದರೆ ಅದು ಹೊಸ ಪಿಡುಗಿನಂತೆ ಕಾಣುತ್ತದೆ. ಆ ವರದಿಯ ಸುದ್ದಿ ಹುಡುಗರಿಗೆ ಒಮ್ಮೆ ಬಂತು. ಅದನ್ನು ಯಾರೂ ಮೂವತ್ತು ಸಲ ಕಳಿಸಲಿಲ್ಲ.

ಮರುವಾರ ನಾನು ಒಂದು ಪಾಠದ ಅವಧಿಯನ್ನು ಇದಕ್ಕೇ ಬಿಟ್ಟುಕೊಟ್ಟೆ. ಫೋನು ಬಿಡಿ ಎಂದು ಹೇಳಲಿಲ್ಲ. ಮನೆಯಲ್ಲಿ ಯಾರಿಗಾಗಿ ನೋಡುತ್ತೀರಿ ಎಂದು ಕೇಳಿದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಅಜ್ಜಿಗೆ, ಬಸುರಿ ಅಕ್ಕನಿಗೆ, ದುಬೈನಲ್ಲಿರುವ ಅಣ್ಣ ಕೇಳುತ್ತಾನೆಂದು, ಅಮ್ಮನಿಗೆ ಓದಲು ಬರುವುದಿಲ್ಲವೆಂದು, ಒಬ್ಬೊಬ್ಬರಾಗಿ ಹೇಳಿದರು. ಜೇಬಿನಲ್ಲಿ ಇಸಿಜಿ ಇದ್ದ ಹುಡುಗ ಕೊನೆಯ ಬೆಂಚಿನಲ್ಲಿದ್ದ. ಅವನ ತಂದೆಯನ್ನು ಜಿಲ್ಲಾ ಆಸ್ಪತ್ರೆಗೆ ತಪಾಸಣೆಗೆ ಕರೆದುಕೊಂಡು ಹೋಗಲು ಒಂದು ದಿನ ಗೊತ್ತುಮಾಡಿಕೊಂಡೆವು. ಅವನ ಜೊತೆ ನಾನೂ ಹೋದೆ. ಮನಸ್ಸಿನ ಆರೋಗ್ಯಕ್ಕೆಂದು ಇರುವ ಟೆಲಿಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು, ಇದು ಬೇರೆಯವರಿಗೆ ಕಳಿಸಲು ಅಲ್ಲ, ನಿಮಗೆ ಎಂದೆ. ನಮ್ಮ ಕಾಲೇಜಿನ ಜವಾನರು ದಿನವೂ ಹಲಗೆ ಒರೆಸುವಾಗ ಆ ಮೂಲೆಯನ್ನು ಬಿಟ್ಟು ಒರೆಸುತ್ತಾರೆ. ಅಕ್ಷರ ಮಾಸಿದಾಗ ಯಾರೋ ವಿದ್ಯಾರ್ಥಿಗಳು ಮೇಲೆ ತಿದ್ದುತ್ತಾರೆ. ಈಚೆಗೆ ನೋಡಿದಾಗ ಅದು ಹಳದಿ ಸೀಮೆಸುಣ್ಣದಲ್ಲಿತ್ತು.